ಚೊಗರು ಹಿಡಿಯದ ಪದಗಳು

ಕಳೆದ ದೀಪಾವಳಿ ಹೊತ್ತಿಗೆ ಪಕ್ಕದ ಮನೆ ಅಂಗಳದಲ್ಲಿ ರಾತ್ರಿ ಹತ್ತಾದರೂ ಅಡಿಕೆ ಸುಲಿಯುವ ಸದ್ದು ನಿಂತಿರಲಿಲ್ಲ. ಸುಲಿಯುವ ಹೆಂಗಸರ ಸಾಲಿನ ಕೊನೆಗೆ ನೀನು ಕೂತಿದ್ದೆ. ಕೈ ಕತ್ತಿಯ ಮೇಲೆ, ಕಿವಿ ಫೋನಿನ ಮೇಲೆ. ಬುಟ್ಟಿಗೆ ಒರಗಿಸಿಟ್ಟ ಫೋನು ಒಂದೊಂದೇ ಇಂಗ್ಲಿಷ್ ಪದ ಹೇಳುತ್ತಿತ್ತು, ಅದರ ಬೆನ್ನಿಗೇ ಅರ್ಥ. ನೀನು ಬಾಯಲ್ಲೇ ಗುಣಗುಣಿಸುತ್ತಿದ್ದೆ. "ತಾತಾ, ಇವತ್ತಿಗೆ 640 ಪದ ಆಯ್ತು. ಬ್ಯಾಂಕ್ ಪರೀಕ್ಷೆ ಹೊತ್ತಿಗೆ 1500 ಮಾಡ್ತೀನಿ" ಅಂದೆ. ಮೊನ್ನೆಯ ಹತ್ತು ಪದ ಯಾವುವು ಅಂತ ಕೇಳಿದೆ. ಎರಡು ಹೇಳಿ ನಕ್ಕುಬಿಟ್ಟೆ.

ಅವತ್ತು ನಾನೇನೂ ಹೇಳಲಿಲ್ಲ. ನಾಲ್ಕು ಜನ ಕೆಲಸ ಮಾಡುವ ಕಡೆ ಮುದುಕನ ಉಪದೇಶ ಶುರುವಾದರೆ ಎಲ್ಲರ ಕೈಯೂ ನಿಲ್ಲುತ್ತದೆ. ಈಗ ಬರೆದು ಹೇಳುತ್ತೇನೆ. ನಿನ್ನೊಬ್ಬಳಿಗೇ ಅಲ್ಲ, ಬಸವಾಪಟ್ಟಣದಿಂದ ಬೆಳಗಿನ ಬಸ್ಸು ಹತ್ತಿ ಚನ್ನಗಿರಿ, ದಾವಣಗೆರೆ ಕಾಲೇಜಿಗೆ ಹೋಗುವವರಿಗೂ, ಹೊನ್ನಾಳಿ, ನ್ಯಾಮತಿ, ಜಗಳೂರಿನ ನಿನ್ನ ಓರಗೆಯವರಿಗೂ.

ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ.

ನಾನೂ ಕನ್ನಡ ಶಾಲೆಯಲ್ಲಿ ಓದಿದವನು. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಗ್ಲಿಷಿನ ಹೆದರಿಕೆ ಮೈತುಂಬ ಇತ್ತು. ಬಸ್ ನಿಲ್ದಾಣದಲ್ಲಿ ಎರಡು ರೂಪಾಯಿಗೆ ಒಂದು ಪದಗಳ ಕಿರುಹೊತ್ತಿಗೆ ಕೊಂಡೆ. ಎಡಕ್ಕೆ ಪದ, ಬಲಕ್ಕೆ ಒಂದೇ ಒಂದು ಅರ್ಥ. ನಿನ್ನ ಫೋನಿನ ಅಜ್ಜ ಅಂದುಕೋ. ರಾತ್ರಿಯೆಲ್ಲ ಉರು ಹೊಡೆದೆ. ಒಂದು ದಿನ ನಮ್ಮ ಕಡೆಯ ರೈತರೊಬ್ಬರು ತೋಟಕ್ಕೆ ಪಂಪ್‌ಸೆಟ್ ಸಾಲ ಕೇಳಿಕೊಂಡು ಬಂದರು. ಒಳ್ಳೆಯ ಮನುಷ್ಯ, ಸುತ್ತಲ ಹತ್ತು ಹಳ್ಳಿಗೆ ಗೊತ್ತಿದ್ದ ಬೆಳೆಗಾರ. ಮೇಲಿನ ಕಚೇರಿಗೆ ಶಿಫಾರಸು ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 'ಪ್ರಸಿದ್ಧ' ಅನ್ನಬೇಕಿತ್ತು. ಫೇಮಸ್ ಅಂದರೆ ತೀರಾ ಸಪ್ಪೆ ಅನ್ನಿಸಿತು. ಕಿರುಹೊತ್ತಿಗೆಯಲ್ಲಿ ಅದೇ ಅರ್ಥದ ಗತ್ತಿನ ಪದ ಒಂದಿತ್ತು. ಅರ್ಜಿದಾರರು ಈ ಭಾಗದ 'ನೊಟೋರಿಯಸ್' ಅಡಿಕೆ ಬೆಳೆಗಾರರು ಎಂದು ಬರೆದೆ. ಮ್ಯಾನೇಜರು ಓದದೆ ಸಹಿ ಹಾಕಿದರು.

ತಿಂಗಳ ಮೇಲೆ ಪತ್ರ ವಾಪಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆ: ಇವರು ಯಾವ ವಿಷಯದಲ್ಲಿ ಕುಖ್ಯಾತರು, ಹಿಂದಿನ ಸಾಲ ತೀರಿಸಿಲ್ಲವೆ? ಅದಕ್ಕೆ ಸಮಜಾಯಿಷಿ ಬರೆದು, ಮತ್ತೆ ಕಳಿಸಿ, ಸಾಲ ಮಂಜೂರಾಗುವಷ್ಟರಲ್ಲಿ ಬೇಸಿಗೆ ನೆತ್ತಿಗೇರಿತ್ತು. ಅವರ ಎಳೆಯ ಸಸಿಗಳು ಒಂದು ಸಾಲು ಪೂರ್ತಿ ಒಣಗಿದವು. "ಏನು ತಕರಾರಾಗಿತ್ತು ಸ್ವಾಮಿ?" ಅಂತ ಅವರು ಕೇಳಿದಾಗ "ಕಾಗದ ತಡವಾಯ್ತು" ಅಂದೆ. ನಿಜ ಹೇಳುವ ಧೈರ್ಯ ಬರಲಿಲ್ಲ. ಅವರೀಗ ಇಲ್ಲ.

ಪ್ರಖ್ಯಾತ, ಕುಖ್ಯಾತ. ಈ ಎರಡರ ನಡುವಿನ ಅಂತರ ನಮ್ಮೂರ ಐದನೆಯ ಕ್ಲಾಸಿನ ಹುಡುಗನಿಗೂ ಗೊತ್ತು. ನನ್ನ ಕನ್ನಡಕ್ಕೆ ಗೊತ್ತಿದ್ದದ್ದನ್ನು ನನ್ನ ಇಂಗ್ಲಿಷು ಕೇಳಿಯೇ ಇರಲಿಲ್ಲ. ಪಟ್ಟಿ ಹಿಡಿದು ಕಲಿತದ್ದರ ಗತಿ ಅಷ್ಟೇ.

ಅಡಿಕೆಯಲ್ಲಿ ಹುಟ್ಟಿ ಬೆಳೆದವಳು ನೀನು, ನಿನಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ. ಹಸಿ ಅಡಿಕೆ ಸುಲಿದ ಮಾತ್ರಕ್ಕೆ ಮಂಡಿಗೆ ಹೋಗುವುದಿಲ್ಲ. ಹಂಡೆಯಲ್ಲಿ ಚೊಗರಿನ ಜತೆ ಬೇಯಬೇಕು, ಬಣ್ಣ ಹಿಡಿಯಬೇಕು, ಬಿಸಿಲಿಗೆ ಹರವಿ ದಿನಗಟ್ಟಲೆ ಒಣಗಿಸಬೇಕು. ಸುಲಿದದ್ದನ್ನು ಹಾಗೇ ಚೀಲಕ್ಕೆ ತುಂಬಿಟ್ಟರೆ ನಾಲ್ಕೇ ದಿನಕ್ಕೆ ಬೂಷ್ಟು. ನಿನ್ನ 640 ಪದ ಈಗ ಹಾಗಿವೆ. ಸುಲಿದಿದ್ದೀಯ, ಬೇಯಿಸಿಲ್ಲ.

ಬೇಯಿಸುವುದು ಹೇಗೆ ಅನ್ನುವುದಕ್ಕೆ ಮುಂಚೆ, ಯಾವುದನ್ನು ಸುಲಿಯಬೇಕು ಅನ್ನುವ ಮಾತು. ನಿನ್ನ ಫೋನು ಕೊಡುವ ಪದಗಳಲ್ಲಿ ಅರ್ಧಕ್ಕರ್ಧ ಇಂಗ್ಲೆಂಡಿನವರೂ ವರ್ಷಕ್ಕೊಮ್ಮೆ ಬಳಸದಂಥವು. ಮೈಕಲ್ ವೆಸ್ಟ್ ಎಂಬ ಇಂಗ್ಲಿಷರವನು ಬಂಗಾಳದಲ್ಲಿ ಶಾಲೆಗಳ ಕೆಲಸ ಮಾಡುತ್ತ, ಮಕ್ಕಳಿಗೆ ಬೇಕಾದ ಪದ ಯಾವುವು, ಬೇಡದ್ದು ಯಾವುವು ಅಂತ ತಲೆ ಕೆಡಿಸಿಕೊಂಡಿದ್ದ. ಅವನು ಸಿದ್ಧಪಡಿಸಿ 1953ರಲ್ಲಿ ಹೊರಬಂದ ಪಟ್ಟಿಯಲ್ಲಿದ್ದದ್ದು ಸುಮಾರು 2000 ಮೂಲ ಪದ. ದಿನನಿತ್ಯದ ಇಂಗ್ಲಿಷಿನ ಬಹುಪಾಲು ಅಷ್ಟರಲ್ಲೇ ನಡೆದುಹೋಗುತ್ತದೆ. 2000ನೇ ಇಸವಿಯಲ್ಲಿ ಆವರಿಲ್ ಕಾಕ್ಸ್‌ಹೆಡ್ ಎಂಬ ವಿದ್ವಾಂಸೆ, ಓದು ಬರಹದ ಇಂಗ್ಲಿಷಿನಲ್ಲಿ ವಿಷಯ ಯಾವುದೇ ಇರಲಿ ಮತ್ತೆ ಮತ್ತೆ ಎದುರಾಗುವ 570 ಪದಕುಟುಂಬಗಳನ್ನು ಬೇರೆ ಮಾಡಿಕೊಟ್ಟಳು. ಅಸೆಸ್, ಸಫಿಷಿಯೆಂಟ್, ಡಿಸ್ಪೈಟ್, ವೇರ್‌ಆಸ್, ನೆವರ್‌ದಿಲೆಸ್ ಇಂಥವು. ಗತ್ತಿಲ್ಲ, ಗಮ್ಮತ್ತಿಲ್ಲ. ಆದರೆ ಬೆಳೆವಿಮೆಯ ಕಾಗದದಿಂದ ಹಿಡಿದು ಕೋರ್ಟಿನ ತೀರ್ಪಿನವರೆಗೆ ಮಾತಿನ ತೊಲೆಗಂಬ ಹೊತ್ತಿರುವುದು ಇವೇ. ನಿನಗೆ ಮುಂದಿನ ಹಂತದ ಇಂಗ್ಲಿಷ್ ಬೇಕಿದ್ದರೆ ಕೈ ಹಾಕಬೇಕಾದ್ದು ಈ ನಡುಮನೆಗೆ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಆಮೇಲೆ ಇಳಿಸಿದರಾಯಿತು.

ಪರೀಕ್ಷೆಯಲ್ಲಿ ಅಪರೂಪದ್ದನ್ನೂ ಕೇಳುತ್ತಾರಲ್ಲ ಅನ್ನುತ್ತೀಯ. ಕೇಳುತ್ತಾರೆ, ಒಂದೆರಡು. ಆ ಒಂದೆರಡಕ್ಕೆ ಹೆದರಿ ಮಿಕ್ಕ ಪತ್ರಿಕೆ ಓದಲಾರದೆ ಒದ್ದಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಬೇಯಿಸುವ ವಿಷಯ. ನಿನ್ನ ಅಂಗಳದಿಂದಲೇ ಶುರುಮಾಡು.

ಅಡಿಕೆಗೆ ಇಂಗ್ಲಿಷಿನಲ್ಲಿ ಅರೆಕಾ. ಇದು ಲಂಡನ್ನಿನಲ್ಲಿ ಹುಟ್ಟಿದ ಪದವೇನು? ಮಲಯಾಳದವರ ಅಡಯ್ಕ, ನಮ್ಮ ಅಡಿಕೆ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಕೇಳಿಸಿಕೊಂಡು ಒಯ್ದದ್ದು. 1753ರಲ್ಲಿ ಲಿನೇಯಸ್ ಈ ಮರಕ್ಕೆ ಅರೆಕಾ ಕ್ಯಾಟೆಚು ಎಂದು ಹೆಸರಿಟ್ಟ. ಕ್ಯಾಟೆಚು ಅನ್ನುವುದಕ್ಕೂ ನಮ್ಮ ಎಲೆ ಅಡಿಕೆ ತಟ್ಟೆಯ ಕಾಚಿಗೂ ನೆಂಟಸ್ತಿಕೆ. ಪ್ರಪಂಚದ ಯಾವ ಮೂಲೆಯ ಸಸ್ಯಶಾಸ್ತ್ರದ ಪುಸ್ತಕ ತೆರೆದರೂ ನಿಮ್ಮ ಮನೆಯ ಅಡಿಕೆ, ಕಾಚು ಜತೆಗೂಡಿ ಕೂತಿರುತ್ತವೆ. ಇಂಥ ಪದವನ್ನು ಉರು ಹೊಡೆಯಬೇಕೆ?

ನಮ್ಮೂರ ಕೋಟೆಯನ್ನೇ ನೋಡು. ತರೀಕೆರೆ ಪಾಳೆಯಗಾರರ ಮನೆತನದ ಮೂಲ ನೆಲೆ ಬಸವಾಪಟ್ಟಣ ಅಂತ ಹಳೆಯ ಗೆಜೆಟಿಯರುಗಳೇ ಹೇಳುತ್ತವೆ. ಆ ಪಾಳೆಯಗಾರ ಬ್ರಿಟಿಷರ ಬಾಯಿಗೆ ಬಿದ್ದು ಪೋಲಿಗಾರ್ ಆಗಿ ಇಂಗ್ಲಿಷ್ ನಿಘಂಟು ಸೇರಿಕೊಂಡಿದ್ದಾನೆ. ಪೋಲಿ ಅಂತ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡ, ತಪ್ಪು ಕಿವಿಯದು. ಅಣೆಕಟ್ಟು ಅನ್ನುವುದು ಅಲ್ಲಿ ಆನಿಕಟ್ ಆಗಿದೆ. ಅದು ತಮಿಳಿನಿಂದ ಹೋದದ್ದು, ಆದರೆ ಭದ್ರಾ ನಾಲೆಯ ನೀರುಂಡ ನಮಗೆ ಯಾರೂ ವಿವರಿಸಬೇಕಿಲ್ಲ. ಟ್ಯಾಂಕ್ ಅಂದರೆ ನಿನ್ನ ಕಣ್ಣಿಗೆ ತಾರಸಿಯ ಮೇಲಿನ ಕಪ್ಪು ಪ್ಲಾಸ್ಟಿಕ್ ಡ್ರಮ್ಮು ಬರುತ್ತದೆ. ನೀರಾವರಿ ಇಲಾಖೆಯ ಇಂಗ್ಲಿಷಿನಲ್ಲಿ ನಮ್ಮ ಸೂಳೆಕೆರೆಯೂ ಟ್ಯಾಂಕೇ. ಯೂಲ್ ಮತ್ತು ಬರ್ನೆಲ್ ಎಂಬ ಇಬ್ಬರು 1886ರಲ್ಲಿ ಇಂಥ ಪದಗಳನ್ನೆಲ್ಲ ಗುಡ್ಡೆ ಹಾಕಿ ಹಾಬ್ಸನ್-ಜಾಬ್ಸನ್ ಎಂಬ ದಪ್ಪ ಕೋಶವನ್ನೇ ತಂದರು. ಓದಿದರೆ ಕಥೆಪುಸ್ತಕದ ಹಾಗಿದೆ. ಇಂಗ್ಲಿಷು ನಾವು ಹೊರಗೆ ನಿಂತು ಬಾಗಿಲು ತಟ್ಟಬೇಕಾದ ಮನೆಯಲ್ಲ ಕಣವ್ವ, ನಮ್ಮ ಸಾಮಾನು ಎಷ್ಟೋ ಒಳಗೇ ಇದೆ.

ಇನ್ನು ಕೊಳೆರೋಗ. ಮಳೆ ಜೋರಾದ ವರ್ಷ ಈ ಮಾತು ಕೇಳಿದರೆ ನಿಮ್ಮಪ್ಪನ ಮುಖ ಹೇಗಾಗುತ್ತದೆ ಅಂತ ನಿನಗೆ ಗೊತ್ತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು. 1910ರಲ್ಲಿ ಅವರು ಬರೆದ ಇಂಗ್ಲಿಷ್ ಬುಲೆಟಿನ್ನಿನ ಶೀರ್ಷಿಕೆಯಲ್ಲೇ ಕೊಳೆರೋಗ ಎಂಬ ಕನ್ನಡ ಪದ ಇದೆ. ಅವರು ಬೇರೆ ಪದ ಹುಡುಕುವ ಗೋಜಿಗೆ ಹೋಗಲಿಲ್ಲ. ರೈತ ಕರೆದ ಹೆಸರೇ ಸರಿ ಅಂದುಕೊಂಡರು. ರೋಗಕ್ಕೆ ಕಾರಣವಾದ ಜೀವಿಯ ಹೆಸರು ಮಾತ್ರ ಫೈಟೊಫ್ಥೊರಾ. ಔಷಧಿ ಅಂಗಡಿಯವನು ಈ ಹೆಸರು ಹೇಳುವಾಗ ನಾಲಿಗೆ ತೊಡರುತ್ತದೆ. ಬಿಡಿಸಿ ನೋಡು. ಗ್ರೀಕಿನಲ್ಲಿ ಫೈಟಾನ್ ಅಂದರೆ ಗಿಡ, ಫ್ಥೊರಾ ಅಂದರೆ ನಾಶ. ಗಿಡಮಾರಿ, ಅಷ್ಟೇ. ಜರ್ಮನಿಯ ಡಿ ಬಾರಿ 1876ರಲ್ಲಿ ಇಟ್ಟ ಹೆಸರು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿ ಜನರನ್ನು ಹಸಿವಿಗೆ ನೂಕಿದ್ದೂ ಇದೇ ಕುಲದ್ದು. ಫೈಟಾನ್ ಒಂದು ಕೈಗೆ ಸಿಕ್ಕಿತೆ? ಇನ್ನು ಎಲ್ಲಿ ಫೈಟೊ ಕಂಡರೂ ಗಿಡದ ವಾಸನೆ ಬರುತ್ತದೆ.

ನಿಮ್ಮ ತೋಟದ ಮನೆಯ ಗೂಟಕ್ಕೆ ನೇತುಹಾಕಿದ ಡಬ್ಬಿಗಳ ಮೇಲೆ ಪೆಸ್ಟಿಸೈಡ್, ಫಂಗಿಸೈಡ್, ಹರ್ಬಿಸೈಡ್ ಅಂತ ಬರೆದಿರುತ್ತದೆ. ಬಾಲ ಒಂದೇ, ಸೈಡ್. ಲ್ಯಾಟಿನ್ನಿನಲ್ಲಿ ಕಡಿ, ಕೊಲ್ಲು ಎಂಬ ಅರ್ಥದ ಧಾತು ಅದರ ಹಿಂದಿದೆ. ಸೂಯಿಸೈಡ್ ತನ್ನನ್ನು ಕೊಂದುಕೊಳ್ಳುವುದು, ಹೋಮಿಸೈಡ್ ಇನ್ನೊಬ್ಬನನ್ನು. ಡಿಸೈಡ್ ಅನ್ನುವ ಸಾಧು ಪದವೂ ಅದೇ ಧಾತುವಿನ ಕೂಸು ಅಂದರೆ ನಂಬುತ್ತೀಯ? ಅದರ ಮೂಲಾರ್ಥ ಕತ್ತರಿಸಿಹಾಕು. ನಾವೂ ಇತ್ಯರ್ಥವಾಗಿ ಹೇಳಿದವನನ್ನು "ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ" ಅನ್ನುವುದಿಲ್ಲವೆ? ಈ ನಂಟು ಹೊಳೆದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ.

ಧಾತು ಹಿಡಿದು ಪದ ಬೆಳೆಸುವುದು ನಿನಗೆ ಹೊಸತಲ್ಲ. ಹೈಸ್ಕೂಲಿನಲ್ಲಿ ಉಪಸರ್ಗ ಓದಿದ್ದೀಯ: ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಹೃ ಎಂಬ ಒಂದೇ ಧಾತು. ತೆಗೆದುಕೊಂಡು ಹೋಗು ಅಂತ ಅರ್ಥ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಜೋಡಿ ಪೋರ್ಟ್, ಹೊರು ಎಂಬರ್ಥದ್ದು. ಇಂಪೋರ್ಟ್, ಎಕ್ಸ್‌ಪೋರ್ಟ್, ಟ್ರಾನ್ಸ್‌ಪೋರ್ಟ್, ಸಪೋರ್ಟ್, ರಿಪೋರ್ಟ್. ಸುದ್ದಿ ಹೊತ್ತು ತಂದರೆ ರಿಪೋರ್ಟ್, ಕೆಳಗಿನಿಂದ ಹೊತ್ತು ನಿಂತರೆ ಸಪೋರ್ಟ್. ಈ ವಿದ್ಯೆಯನ್ನು ಮಾರುಕಟ್ಟೆಗೆ ತಂದ ಪುಸ್ತಕ ನಾರ್ಮನ್ ಲೂಯಿಸ್ ಬರೆದ ವರ್ಡ್ ಪವರ್ ಮೇಡ್ ಈಸಿ. 1949ರದು, ಇವತ್ತಿಗೂ ಫುಟ್‌ಪಾತಿನಲ್ಲಿ ಸಿಗುತ್ತದೆ. ಕೊಂಡುಕೋ, ಲುಕ್ಸಾನಿಲ್ಲ. ಆದರೆ ಧಾತು ಗೊತ್ತಾಯಿತು ಅಂತ ಅರ್ಥ ಊಹಿಸಿ ಸಹಿ ಹಾಕಬೇಡ. ಪರಿಹಾರ ಮತ್ತು ಸಂಹಾರ ಎರಡೂ ಒಂದೇ ತಾಯಿ ಮಕ್ಕಳು. ತಹಶೀಲ್ದಾರರು ಬೆಳೆ ಸಂಹಾರ ಘೋಷಿಸಿದರೆ ಹೇಗಿರುತ್ತದೆ ಯೋಚಿಸು.

ಎಲ್ಲಕ್ಕಿಂತ ಜನ ಎಡವುವುದು ಜೋಡಿಯಲ್ಲಿ. ನಮ್ಮ ಭಾಷೆಯಲ್ಲಿ ಮಳೆ ಹುಯ್ಯುತ್ತದೆ, ಗಾಳಿ ಬೀಸುತ್ತದೆ, ಬಿಸಿಲು ಕಾಯುತ್ತದೆ, ಚಳಿ ಹಿಡಿಯುತ್ತದೆ. ಚಳಿ ಹುಯ್ಯಿತು ಅಂದರೆ ಅರ್ಥವಾಗುತ್ತದೆ, ಜನ ಮುಖ ನೋಡುತ್ತಾರೆ. ಇಂಗ್ಲಿಷಿನ ಪದಗಳಿಗೂ ಹೀಗೆಯೇ ಕಟ್ಟಿಕೊಂಡ ಜೋಡಿಗಳಿವೆ. ಮಳೆ ಅಲ್ಲಿ ಹೆವಿ, ಬಿಗ್ ಅಲ್ಲ. ಗಾಳಿ ಸ್ಟ್ರಾಂಗ್, ಹೆವಿ ಅಲ್ಲ. ಡಿಸ್ಕಸ್ ಅಬೌಟ್ ಅಂತ ನಾವು ಹೇಳುವುದು ಕನ್ನಡದ 'ಬಗ್ಗೆ' ನಾಲಿಗೆಯಿಂದ ಬಿಟ್ಟುಹೋಗದ ಕಾರಣ. ಅವರಿಗೆ ಡಿಸ್ಕಸ್ ಒಂದೇ ಸಾಕು. ಆದ್ದರಿಂದ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡ. ಅದು ಬದುಕಿದ್ದ ವಾಕ್ಯದ ಸಮೇತ ಕಿತ್ತುಕೋ, ಸಸಿಯನ್ನು ಮಣ್ಣಿನ ಹೆಂಟೆಯ ಜತೆ ಕೀಳುವ ಹಾಗೆ. ಬೇರು ಬೋಳಾದರೆ ನಾಟಿ ಹಿಡಿಯುವುದಿಲ್ಲ.

ಹಾಗೆಯೇ ದರ್ಜೆ. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಲ್ಲವೂ ಅಡಿಕೆಯೇ, ಆದರೆ ಒಂದರ ಬೆಲೆ ಇನ್ನೊಂದಕ್ಕಿಲ್ಲ. ಕೇಳು, ಕೋರು, ಬೇಡು, ಒತ್ತಾಯಿಸು, ಅಂಗಲಾಚು. ಯಾರ ಮುಂದೆ ಯಾವುದು ಅಂತ ನಿನಗೆ ಹೇಳಿಕೊಡಬೇಕಿಲ್ಲ. ಆಸ್ಕ್, ರಿಕ್ವೆಸ್ಟ್, ಬೆಗ್, ಡಿಮ್ಯಾಂಡ್, ಪ್ಲೀಡ್ ಇವನ್ನೂ ಆ ಕಣ್ಣಿಂದಲೇ ನೋಡು. ನನ್ನ ನೊಟೋರಿಯಸ್ ಕಥೆ ಅಷ್ಟೇ: ಗೊರಬಲನ್ನು ಸರಕಿನ ಚೀಲಕ್ಕೆ ಸುರಿದಿದ್ದೆ.

ಪರಭಾಷೆಯನ್ನು ಹೇಗೆ ಕಲಿಯಬೇಕು ಅಂತ ನೋಡಬೇಕಿದ್ದರೆ, ನಮ್ಮ ಭಾಷೆಯನ್ನು ಕಲಿತ ಪರದೇಶಿಯನ್ನು ನೋಡು. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯವರು. 1853ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗನಾಗಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಸುಮಾರು 70 ಸಾವಿರ ಪದ. ನಡುವೆ ನಲವತ್ತು ವರ್ಷ. ಅದರ ಪುಟ ತೆರೆದರೆ ಪದದ ಪಕ್ಕ ಬರೀ ಅರ್ಥ ಇಲ್ಲ. ಹಳೆಯ ಕಾವ್ಯದಲ್ಲಿ ಎಲ್ಲಿ ಬಂದಿದೆ, ಜನರ ಬಾಯಲ್ಲಿ ಹೇಗಿದೆ, ಯಾವ ಗಾದೆಯಲ್ಲಿ ಕೂತಿದೆ, ತಮಿಳು ತೆಲುಗಿನಲ್ಲಿ ಅದರ ಅಕ್ಕತಂಗಿಯರು ಯಾರು, ಎಲ್ಲ ಇದೆ. ಪದವನ್ನು ಅದರ ಮನೆತನದ ಸಮೇತ ಬರಮಾಡಿಕೊಂಡವರು ಅವರು. ನೀನು ನಲವತ್ತು ವರ್ಷ ಕೂರಬೇಕಿಲ್ಲ, ದಿನಕ್ಕೆ ನಾಲ್ಕು ಪದವನ್ನು ಆ ಮರ್ಯಾದೆಯಿಂದ ಕರೆದುಕೊಂಡರೆ ಸಾಕು. ಹತ್ತು ಬೇಡ. ನಾಲ್ಕು.

ನಮ್ಮವರಲ್ಲಿ ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದರು. ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣದಲ್ಲಿ ಓದುಗರು ಒಂದು ಪದ ಕೇಳಿದರೆ ಅದರ ಹುಟ್ಟು, ಬಳಕೆ, ಜನ ಮಾಡುವ ತಪ್ಪು ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳುತ್ತಿದ್ದರು. ಇಂಗ್ಲಿಷ್-ಕನ್ನಡ ನಿಘಂಟನ್ನೂ ಮಾಡಿಕೊಟ್ಟರು. ಅಂಥ ಎರಡು ಭಾಷೆಯ ನಿಘಂಟು ನಾನು ಅವತ್ತು ಒಂದೇ ಒಂದು ಸಲ ತೆರೆದಿದ್ದರೆ ಕುಖ್ಯಾತ ಎಂಬ ಪದ ಕಣ್ಣಿಗೆ ಬೀಳುತ್ತಿತ್ತು. ಒಣಗಿದ ಸಸಿಗಳು ಉಳಿಯುತ್ತಿದ್ದವು.

ಖರ್ಚಿಲ್ಲದ ಒಂದು ಅಭ್ಯಾಸ ಹೇಳುತ್ತೇನೆ, ನನಗೆ ಫಲ ಕೊಟ್ಟದ್ದು. ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ ಒಂದೇ ಮನೆಯ ಪತ್ರಿಕೆಗಳು, 1948ರಲ್ಲಿ ಶುರುವಾದ ಅವಳಿಗಳು. ಒಂದೇ ಸುದ್ದಿಯನ್ನು ಎರಡರಲ್ಲೂ ಹುಡುಕು. ಅಡಿಕೆ ಆಮದಿನ ಸುದ್ದಿಯೋ ಭದ್ರಾ ಡ್ಯಾಮಿನ ನೀರಿನ ಮಟ್ಟದ್ದೋ ಆಗಬಹುದು. ಮೊದಲು ಕನ್ನಡದ್ದು ಓದು, ವಿಷಯ ತಿಳಿದಿರುತ್ತದೆ. ಆಮೇಲೆ ಇಂಗ್ಲಿಷಿನದು. ಒಳಹರಿವಿಗೆ ಅವರು ಇನ್‌ಫ್ಲೋ ಅಂದಿರುತ್ತಾರೆ, ಬೆಲೆ ಕುಸಿತಕ್ಕೆ ಸ್ಲಂಪ್ ಅಂದಿರುತ್ತಾರೆ. ನಿಘಂಟು ತೆಗೆಯುವ ಮೊದಲೇ ಅರ್ಥ ನಿನ್ನ ಕೈಲಿರುತ್ತದೆ. ಆ ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆ. ಕೆಳಗೆ ಅದೇ ಪದ ಹಾಕಿ ನಿಮ್ಮ ಮನೆಯ ಸಂಗತಿ ಒಂದು ಬರೆ: ಅಜ್ಜಿಯ ಮಂಡಿನೋವು, ನಾಲೆಗೆ ನೀರು ಬಿಡದ್ದು, ಬಸ್ಸು ತಪ್ಪಿದ್ದು. ಮರುದಿನ ನೋಡು, ವಾರ ಬಿಟ್ಟು ನೋಡು, ತಿಂಗಳು ಬಿಟ್ಟು ಇನ್ನೊಮ್ಮೆ. ಅಡಿಕೆಯನ್ನು ಒಂದೇ ದಿನ ಒಣಗಿಸಿ ಮುಗಿಸುವುದಿಲ್ಲವಲ್ಲ, ಹರವುತ್ತೇವೆ, ಸಂಜೆಗೆ ಬಾಚುತ್ತೇವೆ, ಮತ್ತೆ ಹರವುತ್ತೇವೆ. ಪತ್ರಿಕೆ ಕೊಳ್ಳಲು ಆಗದಿದ್ದರೆ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗು. ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು ಹಾಕಿದ್ದಾರೆ. ಬೋರ್ಡಿಗಾದರೂ ಮರ್ಯಾದೆ ಕೊಡಬೇಕು.

ಕನ್ನಡದ ಕೈ ಬಿಡಬೇಡ ಅಂತ ಬೇರೆ ಹೇಳಬೇಕೆ? ಇದು ಅಭಿಮಾನದ ಭಾಷಣ ಅಲ್ಲ, ಲೆಕ್ಕಾಚಾರದ ಮಾತು. ಒಂದು ಭಾಷೆಯಲ್ಲಿ ಸೂಕ್ಷ್ಮ ತಿಳಿದವನಿಗೆ ಎರಡನೆಯದರಲ್ಲಿ ಸೂಕ್ಷ್ಮ ಬೇಗ ಕಾಣುತ್ತದೆ. ನಮ್ಮ ಪಕ್ಕದ ಜಿಲ್ಲೆಯ ಕೊನಗವಳ್ಳಿಯ ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅವರ ಕನ್ನಡ ವಾಕ್ಯ ಎಷ್ಟು ಚಿಕ್ಕದು, ಎಷ್ಟು ನೇರ ನೋಡು. ಇಂಗ್ಲಿಷ್ ಚೆನ್ನಾಗಿ ಕಲಿತವರು ದೊಡ್ಡ ಪದ ಹುಡುಕಿಕೊಂಡು ಹೋಗುವುದಿಲ್ಲ. ಬ್ಯಾಂಕಿನಲ್ಲಿ ನನ್ನ ಕೊನೆಯ ಹತ್ತು ವರ್ಷ ನಾನು ಬರೆದ ಪತ್ರಗಳಲ್ಲಿ ಯಾರಿಗೂ ಅರ್ಥವಾಗದ ಪದ ಒಂದೂ ಇರಲಿಲ್ಲ. ಅಂಚಿನಲ್ಲಿ ಕೆಂಪು ಶಾಯಿ ಬರಲಿಲ್ಲ, ಯಾರ ಸಾಲವೂ ನನ್ನ ಇಂಗ್ಲಿಷಿನಿಂದ ತಡವಾಗಲಿಲ್ಲ.

ಮಾತಾಡಲು ನಾಚಿಕೆ ಅನ್ನುತ್ತೀಯ. ತಪ್ಪಾಗಲಿ ಬಿಡು. ಬಾಯಲ್ಲಿ ಆದ ತಪ್ಪು ಗಾಳಿಗೆ ಹೋಗುತ್ತದೆ. ಕಾಗದದ ಮೇಲೆ ಮಾತ್ರ ಎರಡು ಸಲ ನೋಡು, ಅದರಲ್ಲೂ ಇನ್ನೊಬ್ಬರ ಹೆಸರಿನ ಪಕ್ಕ ಒಂದು ವಿಶೇಷಣ ಹಾಕುವಾಗ.

ಅಡಿಕೆ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಬಾ. ನಿನ್ನ ಗೆಳತಿಯರನ್ನೂ ಕರೆದುಕೊಂಡು ಬಾ, ನೋಟ್‌ಬುಕ್ ತನ್ನಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ನಮ್ಮ ಜಗಲಿಯ ಗೂಡಿನಲ್ಲಿದೆ. ಬೆನ್ನು ಕಿತ್ತುಹೋಗಿದೆ, ಪುಟಗಳೆಲ್ಲ ಸರಿಯಾಗಿವೆ. ಎಷ್ಟು ಹೊತ್ತು ಬೇಕಾದರೂ ಕೂತು ನೋಡಿ. ಮನೆಗೆ ಒಯ್ಯಲು ಮಾತ್ರ ಕೊಡುವುದಿಲ್ಲ.